ಇನ್ಸುಲಿನ್ ಪಂಪ್ ತಾನೇ ಶುಗರ್ ನೋಡಿಕೊಳ್ಳುತ್ತದೆಯೇ? ಬಿಸಿಲು ಸೀಮೆಯವರಿಗೆ ಹಂತ ಹಂತದ ಮಾರ್ಗದರ್ಶಿ

"ಪಂಪ್ ಹಾಕಿಸಿದ್ರ ಶುಗರ್ ತಾನ ಕಂಟ್ರೋಲ್ ಆಗತೈತಂತ, ಹೌದೇನ್ರಿ?" ಕೊಪ್ಪಳ, ಸಿಂಧನೂರು, ಸಿರುಗುಪ್ಪ ಕಡೆಯಿಂದ ಹೆಚ್ಚುಕಮ್ಮಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಬಹುಪಾಲು ಟೈಪ್ 1 ಸಕ್ಕರೆ ಕಾಯಿಲೆ (ಡಯಾಬಿಟಿಸ್) ಇರುವ ಮಕ್ಕಳ ಅಪ್ಪ ಅಮ್ಮಂದಿರು. ಒಬ್ಬೊಬ್ಬರಿಗೆ ಒಂದೊಂದು ತುಣುಕು ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಡಾಕ್ಟರಲ್ಲ. ನಮ್ಮ ಮನೆಯಲ್ಲಿ ಪಂಪ್ ಬಳಸುವವಳು ಮಗಳು. ಆದ್ದರಿಂದ ಯಂತ್ರವನ್ನು ದಿನಾ ನಡೆಸುವ ಬಗೆ ಹೇಳಬಲ್ಲೆ. ನಿಮ್ಮ ಡೋಸಿನ ಅಂಕಿಗಳನ್ನು ಮಾತ್ರ ನಿಮ್ಮ ಡಾಕ್ಟರೇ ಬರೆದು ಕೊಡಬೇಕು.

ಮೊದಲು, ಈ ಯಂತ್ರ ಮಾಡುವುದೇನು

ಇದರಲ್ಲಿ ಮೂರು ಭಾಗ. ಒಂದು ಪಂಪ್: ಅಂಗಿ ಜೇಬಿನಲ್ಲಿ ಹಿಡಿಯುವ ಸಣ್ಣ ಯಂತ್ರ. ಒಳಗೆ ಇನ್ಸುಲಿನ್ ತುಂಬಿದ ಪುಟ್ಟ ಟ್ಯಾಂಕು, ಅಂದರೆ ರಿಸರ್ವಾಯರ್. ಅದರಿಂದ ಹೊರಟ ಸಪೂರ ಕೊಳವೆಯ ತುದಿಯಲ್ಲಿ ಕ್ಯಾನುಲಾ ಎಂಬ ಮೆತ್ತನೆಯ ನಳಿಕೆ ಚರ್ಮದ ಕೆಳಗೆ ಕೂತಿರುತ್ತದೆ. ಕೊಳವೆ, ಕ್ಯಾನುಲಾ, ಅಂಟುಪಟ್ಟಿ ಸೇರಿ ಇನ್ಫ್ಯೂಷನ್ ಸೆಟ್. ನಾವೆಲ್ಲ ಬರೀ 'ಸೆಟ್' ಅನ್ನುತ್ತೇವೆ. ಎರಡನೆಯದು ಸಿಜಿಎಂ ಸೆನ್ಸರ್: ತೋಳಿನ ಮೇಲೆ ಅಂಟಿಕೊಂಡು ಚರ್ಮದಡಿಯ ದ್ರವದಲ್ಲಿನ ಗ್ಲುಕೋಸನ್ನು 5 ನಿಮಿಷಕ್ಕೊಮ್ಮೆ ಪಂಪಿಗೆ ತಿಳಿಸುತ್ತದೆ. ಮೂರನೆಯದು ಕಣ್ಣಿಗೆ ಕಾಣದ್ದು, ಅಲ್ಗಾರಿದಮ್. ಸೆನ್ಸರ್ ಹೇಳಿದ ಅಂಕಿ ನೋಡಿ ಇನ್ಸುಲಿನ್ ಹೆಚ್ಚಿಸಬೇಕೇ, ಇಳಿಸಬೇಕೇ, ನಿಲ್ಲಿಸಬೇಕೇ ಎಂದು ತೀರ್ಮಾನಿಸುವ ಲೆಕ್ಕದ ಪ್ರೋಗ್ರಾಮ್.

ಇಡೀ ದಿನ ಸಣ್ಣಗೆ ಹೋಗುತ್ತಿರುವ ಇನ್ಸುಲಿನ್ ಬೇಸಲ್. ಊಟಕ್ಕೆಂದು ಒಮ್ಮೆಗೇ ಕೊಡುವುದು ಬೋಲಸ್. ಬೇಸಲನ್ನು ಯಂತ್ರ ತಾನೇ ಏರಿಳಿಸುತ್ತದೆ, ಆದರೆ ನೀವು ಎಷ್ಟು ಊಟ ಮಾಡುತ್ತೀರಿ ಎಂಬುದನ್ನು ನೀವೇ ಹೇಳಬೇಕು. ಅದಕ್ಕೇ ಇದರ ಹೆಸರು ಹೈಬ್ರಿಡ್ ಕ್ಲೋಸ್ಡ್ ಲೂಪ್, ಅರ್ಧ ಸ್ವಯಂಚಾಲಿತ. ಇಂಥ ಮೊದಲ ಪಂಪ್, ಮೆಡ್‌ಟ್ರಾನಿಕ್ ಕಂಪನಿಯ ಮಿನಿಮೆಡ್ 670ಜಿ, ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2016ರಲ್ಲಿ. ಅದರ ಮುಂದಿನ ಮಾದರಿ 780ಜಿ ನಮ್ಮ ದೇಶದಲ್ಲೂ ಸಿಗುತ್ತದೆ. ಹಳೆಯ ಪಂಪ್‌ಗಳಿಗೆ ಈ ಲೆಕ್ಕ ಬರುವುದಿಲ್ಲ. ಮೊದಲೇ ಹೊಂದಿಸಿಟ್ಟಷ್ಟು ಇನ್ಸುಲಿನ್ ಬಿಡುತ್ತವೆ, ಅಷ್ಟೇ. ಯಾರಾದರೂ ಕಡಿಮೆ ಬೆಲೆಗೆ ಪಂಪ್ ಕೊಡುತ್ತೇನೆ ಎಂದರೆ ಯಾವ ಮಾದರಿ ಎಂದು ಮೊದಲು ಕೇಳಿ.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಹೊಲ ಇದ್ದವರಿಗೆ ಮುಂದಿನ ಮಾತು ಬೇಗ ತಿಳಿಯುತ್ತದೆ. ಮೇಲೆ ತೂಬು ಎತ್ತಿ ಇಷ್ಟು ನೀರು ಬಿಟ್ಟಿದ್ದೇವೆ ಎಂದು ಲೆಕ್ಕದ ಪುಸ್ತಕದಲ್ಲಿ ಇರುತ್ತದೆ, ಕೊನೆ ಭಾಗದ ಗದ್ದೆಗೆ ಮಾತ್ರ ಹನಿಯೂ ಮುಟ್ಟಿರುವುದಿಲ್ಲ. ಪಂಪ್ ಕೂಡ ತಾನು ಬಿಟ್ಟ ಇನ್ಸುಲಿನ್ನಿನ ಲೆಕ್ಕ ಇಡುತ್ತದೆ. ಅದು ಮೈಗೆ ಮುಟ್ಟಿತೋ, ಅಂಟುಪಟ್ಟಿಯ ಕೆಳಗೆ ಸೋರಿಹೋಯಿತೋ ಅದಕ್ಕೆ ತಿಳಿಯದು. ಪೂರ್ತಿ ಕಟ್ಟಿಕೊಂಡರೆ ಅಲಾರಂ ಹೊಡೆಯುತ್ತದೆ, ಅರ್ಧಂಬರ್ಧ ಸೋರಿಕೆಗೆ ಹೊಡೆಯುವುದಿಲ್ಲ. ಪಂಪಿನವರಿಗೆ ಕೈಕೊಡುವುದು ಹೆಚ್ಚಾಗಿ ಆ ಕೊನೆಯ ಎರಡು ಅಂಗುಲದಲ್ಲೇ, ಅಲ್ಗಾರಿದಮ್‌ನಲ್ಲಲ್ಲ. ಈ ಲೇಖನದ ಬಹುಪಾಲೂ ಅದರ ಬಗ್ಗೆಯೇ.

ಹಂತ 1: ನಿಮಗೆ ಇದು ಬೇಕೇ ಎಂದು ನೋಡಿಕೊಳ್ಳಿ

ಟೈಪ್ 1 ಎಂದರೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶ ಮಾಡಿರುವ ಸ್ಥಿತಿ. ಬದುಕಿರುವಷ್ಟು ದಿನ ಹೊರಗಿನಿಂದ ಇನ್ಸುಲಿನ್ ಬೇಕು. ಸ್ವಯಂಚಾಲಿತ ಪಂಪ್ ಮುಖ್ಯವಾಗಿ ಇವರಿಗಾಗಿ. ಮಾತ್ರೆಯಲ್ಲಿ ಹತೋಟಿಗೆ ಬರುವ ಟೈಪ್ 2 ನಿಮ್ಮದಾಗಿದ್ದರೆ ಇದರ ಗೋಜಿಗೆ ಹೋಗಬೇಡಿ. ದಿನಕ್ಕೆ ಹಲವು ಸಲ ಇನ್ಸುಲಿನ್ ಬೇಕಾಗಿರುವ ಟೈಪ್ 2ರವರಿಗೂ ಕೆಲವೊಮ್ಮೆ ಕೊಡುತ್ತಾರೆ, ಅದನ್ನು ತಜ್ಞರು ತೀರ್ಮಾನಿಸಲಿ.

ಪಂಪಿನಿಂದ ಹೆಚ್ಚು ಲಾಭವಾಗುವುದು ರಾತ್ರಿ ಹೊತ್ತು ಶುಗರ್ ಬಿದ್ದುಹೋಗುವವರಿಗೆ, ಬಿದ್ದರೂ ನಡುಕ ಬೆವರು ಗೊತ್ತಾಗದವರಿಗೆ, ಮತ್ತು ಇಂಜೆಕ್ಷನ್ ಸರಿಯಾಗಿ ತೆಗೆದುಕೊಂಡರೂ ಅಂಕಿಗಳು ಹಾರಾಡುವವರಿಗೆ. ಲಾಭವಾಗದವರೂ ಇದ್ದಾರೆ. ಬೆರಳು ಚುಚ್ಚಿ ನೋಡಲು ಒಪ್ಪದವರು, ಅಲಾರಂ ಕೇಳಿದರೆ ಆಫ್ ಮಾಡಿ ಮಲಗುವವರು, ಮನೆಯವರ ಒತ್ತಾಯಕ್ಕೆ ಕಟ್ಟಿಕೊಂಡ ಹದಿಹರೆಯದವರು. ಕೊನೆಯವರ ವಿಷಯದಲ್ಲಿ ಅವಸರ ಮಾಡಬೇಡಿ; ಹುಡುಗ ಅಥವಾ ಹುಡುಗಿ ತಾನೇ ಬೇಕು ಅನ್ನುವವರೆಗೆ ಇನ್ಸುಲಿನ್ ಪೆನ್ನಿನಲ್ಲೇ, ಅಂದರೆ ಪೆನ್ನಿನಂಥ ಇಂಜೆಕ್ಷನ್ನಿನಲ್ಲೇ ಇರಲಿ.

ಹಂತ 2: ಡಾಕ್ಟರು, ದುಡ್ಡು

ಪಂಪ್ ಶುರು ಮಾಡಿಸಬೇಕಾದವರು ಎಂಡೋಕ್ರಿನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರು. ಕೊಪ್ಪಳ, ರಾಯಚೂರು, ಬಳ್ಳಾರಿ, ಈ ನಮ್ಮ ಮೂರು ಜಿಲ್ಲೆಯವರು ಇದಕ್ಕಾಗಿ ಸಾಮಾನ್ಯವಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುತ್ತಾರೆ; ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಇದೆ. ಎಲ್ಲಿಗೇ ಹೋಗಿ, ಒಂದು ಪ್ರಶ್ನೆ ತಪ್ಪದೆ ಕೇಳಿ: ರಾತ್ರಿ 11ಕ್ಕೆ ತೊಂದರೆಯಾದರೆ ಫೋನ್ ಎತ್ತುವವರು ಯಾರು? ಅದಕ್ಕೆ ನೆಟ್ಟಗಿನ ಉತ್ತರ ಸಿಗದ ಕಡೆ ಪಂಪ್ ಕಟ್ಟಿಸಿಕೊಳ್ಳಬೇಡಿ. ಊರಿನಲ್ಲೂ ಒಬ್ಬ ಫಿಜಿಷಿಯನ್ ಅಥವಾ ಮಕ್ಕಳ ಡಾಕ್ಟರಿಗೆ ಎಲ್ಲ ಕಾಗದ ತೋರಿಸಿ ಪರಿಚಯ ಮಾಡಿಕೊಂಡಿರಿ.

ದುಡ್ಡಿನ ವಿಷಯದಲ್ಲಿ ಎಲ್ಲರೂ ಪಂಪಿನ ಬೆಲೆ ಕೇಳುತ್ತಾರೆ. ಅದು ಲಕ್ಷಗಳ ಲೆಕ್ಕ, ನಿಜ. ಆದರೆ ಮನೆಯನ್ನು ಹಿಂಡುವುದು ತಿಂಗಳ ಖರ್ಚು. ಸೆಟ್ 3 ದಿನಕ್ಕೊಂದು ಬೇಕು, ಅಂದರೆ ತಿಂಗಳಿಗೆ 10. 780ಜಿಯ ಗಾರ್ಡಿಯನ್ ಸೆನ್ಸರ್ 7 ದಿನ ಬರುತ್ತದೆ, ತಿಂಗಳಿಗೆ 4 ಅಥವಾ 5. ಇದರ ಮೇಲೆ ರಿಸರ್ವಾಯರ್, ಇನ್ಸುಲಿನ್, ಬೆರಳು ಚುಚ್ಚುವ ಸ್ಟ್ರಿಪ್, ಮಧ್ಯೆ ಕಿತ್ತುಬಂದು ವ್ಯರ್ಥವಾಗುವ ಸೆಟ್ಟುಗಳು. ಕೊಟೇಷನ್ ಕೇಳುವಾಗ ಪಂಪಿನ ಬೆಲೆ ಒಂದು ಸಾಲು, ಒಂದು ವರ್ಷದ ಸಾಮಾನಿನ ಬೆಲೆ ಇನ್ನೊಂದು ಸಾಲು ಎಂದು ಬರೆಸಿಕೊಳ್ಳಿ. ವಿಮೆ ಇದ್ದರೆ ಈ ಸಾಮಾನು ಸೇರುತ್ತದೆಯೇ ಎಂದು ಇಮೇಲಿನಲ್ಲಿ ಕೇಳಿ, ಇಮೇಲಿನಲ್ಲೇ ಉತ್ತರ ಪಡೆಯಿರಿ; ಏಜೆಂಟರ ಬಾಯಿಮಾತು ಕ್ಲೇಮ್ ಹೊತ್ತಿನಲ್ಲಿ ನಿಲ್ಲುವುದಿಲ್ಲ. ಪೀಕು ಬಂದಾಗ ಕೈಯಲ್ಲಿ ದುಡ್ಡು ಓಡಾಡುವ ಮನೆಗಳಿಗೆ ಒಂದು ಮಾತು: ಪಂಪ್ ಕೊಂಡು ಆರು ತಿಂಗಳಿಗೆ ಸೆನ್ಸರ್ ನಿಲ್ಲಿಸಿದರೆ ಸ್ವಯಂಚಾಲಿತ ಭಾಗವೇ ನಿಂತಂತೆ. ಅದರ ಬದಲು ಪೆನ್ನಿನ ಜೊತೆಗೆ ಸೆನ್ಸರ್ ಒಂದನ್ನೇ ವರ್ಷಪೂರ್ತಿ ಬಳಸುವುದು ನನ್ನ ಲೆಕ್ಕದಲ್ಲಿ ಮೇಲು.

ಹಂತ 3: ಪಂಪಿಗೆ ಮುಂಚೆ ಕಾರ್ಬ್ ಲೆಕ್ಕ ಕಲಿಯಿರಿ

ಕಾರ್ಬ್ ಎಂದರೆ ಊಟದಲ್ಲಿನ ಶರ್ಕರಪಿಷ್ಟ, ರಕ್ತದಲ್ಲಿ ಗ್ಲುಕೋಸ್ ಆಗುವ ಭಾಗ. ಪಂಪ್ ಪ್ರತಿ ಊಟಕ್ಕೂ "ಎಷ್ಟು ಗ್ರಾಂ?" ಎಂದು ಕೇಳುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಯಂತ್ರ ಎಷ್ಟು ಜಾಣವಾಗಿದ್ದರೂ ಪ್ರಯೋಜನವಿಲ್ಲ.

ನಮ್ಮ ಕಡೆ ಗಟ್ಟಿಯಾಗಿ ಕೂತಿರುವ ತಪ್ಪು ತಿಳಿವಳಿಕೆ, ಜೋಳದ ರೊಟ್ಟಿಗೆ ಶುಗರ್ ಏರುವುದಿಲ್ಲ ಎಂಬುದು. ನಾರಿನಂಶ ಹೆಚ್ಚಿರುವುದರಿಂದ ನಿಧಾನವಾಗಿ ಏರಬಹುದು, ಅಷ್ಟೇ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 68 ಗ್ರಾಂ ಕಾರ್ಬ್ ಇದೆ. 40 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ 27 ಗ್ರಾಂ, ಎರಡು ತಿಂದರೆ 54. ಗಂಗಾವತಿಯ ಸೋನಾ ಮಸೂರಿ 50 ಗ್ರಾಂ ಅಕ್ಕಿ ಬೇಯಿಸಿದರೆ ಸುಮಾರು 39. ಮಂಡಕ್ಕಿಯದು ಇನ್ನೂ ಮೋಸ. ಕೈಯಲ್ಲಿ ಹಿಡಿದರೆ ಹಗುರ, ತೂಕಕ್ಕೆ ತೂಕ ನೋಡಿದರೆ ಹೆಚ್ಚುಕಮ್ಮಿ ಅಕ್ಕಿಯಷ್ಟೇ ಕಾರ್ಬ್. ಬೆಳಗಿನ ಒಗ್ಗರಣೆ ಮಂಡಕ್ಕಿ ತಟ್ಟೆಯನ್ನು ಒಮ್ಮೆ ತೂಗಿ ನೋಡಿ. ಜೊತೆಗಿನ ಮಿರ್ಚಿಯ ಎಣ್ಣೆ ಹೊಟ್ಟೆಯಲ್ಲಿ ಜೀರ್ಣವನ್ನು ನಿಧಾನಗೊಳಿಸುವುದರಿಂದ ಶುಗರ್ ಮೂರು ನಾಲ್ಕು ಗಂಟೆ ಬಿಟ್ಟು ಏರಬಹುದು; ಆ ತಡವಾದ ಏರಿಕೆಯನ್ನು ಹಿಡಿಯುವ ಕೆಲಸದಲ್ಲಿ ಪಂಪ್ ಪೆನ್ನಿಗಿಂತ ನಿಜಕ್ಕೂ ವಾಸಿ.

ಅಡುಗೆಮನೆಗೆ ಒಂದು ಡಿಜಿಟಲ್ ತಕ್ಕಡಿ ತನ್ನಿ. ಹಿಟ್ಟಿನ ಉಂಡೆಯನ್ನು ಬಡಿಯುವ ಮುಂಚೆ ತೂಗಿ, ಆದರೆ ಉಂಡೆಯಲ್ಲಿ ನೀರೂ ಇರುತ್ತದೆ ಎಂಬುದು ನೆನಪಿರಲಿ: ಒಣ ಹಿಟ್ಟು ಎಷ್ಟು ಹಾಕಿದಿರಿ, ಎಷ್ಟು ರೊಟ್ಟಿ ಆಯಿತು, ಭಾಗಿಸಿ. ಮನೆಯ ಹತ್ತಿಪ್ಪತ್ತು ಅಡುಗೆಗಳ ಅಂಕಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದರೆ ಸಾಕು, ಆಮೇಲೆ ಕಣ್ಣಂದಾಜು ಕೂರುತ್ತದೆ.

ಹಂತ 4: ಇನ್ಸುಲಿನ್ ತುಂಬುವುದು, ಸೆಟ್ ಹಾಕುವುದು

ಇದನ್ನು ಅವಸರದಲ್ಲಿ ಓದಬೇಡಿ.

ಪಂಪಿಗೆ ಹೋಗುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ: ಆಸ್ಪಾರ್ಟ್, ಲಿಸ್ಪ್ರೋ ಥರದವು. ಯಾವುದು ಎಂದು ಚೀಟಿಯಲ್ಲಿ ಬರೆದಿರುತ್ತದೆ. ನಮ್ಮ ದೇಶದ ಔಷಧಿ ಅಂಗಡಿಗಳಲ್ಲಿ ಎರಡು ಗಾಢತೆಯ ಇನ್ಸುಲಿನ್ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿ, 100 ಯೂನಿಟ್ ಇರುವ ಬಾಟಲಿ. ಪಂಪಿನ ಲೆಕ್ಕವೆಲ್ಲ 100ರದ್ದು. 40ರ ಬಾಟಲಿ ತುಂಬಿದರೆ ಪಂಪ್ 10 ಯೂನಿಟ್ ಎಂದು ತೋರಿಸುತ್ತಾ 4 ಯೂನಿಟ್ ಕೊಡುತ್ತದೆ. ಅಂಗಡಿಯವನು "ಅದೇ ಇದು, ಕಂಪನಿ ಬೇರೆ" ಅಂದರೆ ಒಪ್ಪಬೇಡಿ, ಲೇಬಲ್ ಓದಿ. ಬಿಳಿ ಬಿಳಿಯಾಗಿ ಮಬ್ಬಾಗಿರುವ ಮಿಕ್ಸ್ ಇನ್ಸುಲಿನ್ನೂ ಪಂಪಿಗೆ ಸಲ್ಲದು. ಸಿರಿಂಜಿನಲ್ಲೂ ಇದೇ ತೊಡಕು: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಮನೆಯಲ್ಲಿ ಕಿತ್ತಳೆಯದು ಮಾತ್ರ ಇರಲಿ.

ತುಂಬುವ ಕ್ರಮ ಹೀಗೆ:

1. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ಕೋಣೆಯ ಬಿಸಿಗೆ ಬರಲು ಬಿಡಿ. ತಣ್ಣಗಿದ್ದಾಗಲೇ ತುಂಬಿದರೆ ಆಮೇಲೆ ಕೊಳವೆಯೊಳಗೆ ಗುಳ್ಳೆ ಏಳುತ್ತವೆ. ಗುಳ್ಳೆ ಇದ್ದಷ್ಟು ಜಾಗದಲ್ಲಿ ಇನ್ಸುಲಿನ್ ಇಲ್ಲ.
2. ಕೈ ಸೋಪಿನಲ್ಲಿ ತೊಳೆದು ಒರೆಸಿ. ರಿಸರ್ವಾಯರ್ ತುಂಬಿ, ಬೆರಳಿನಿಂದ ತಟ್ಟಿ ಗುಳ್ಳೆ ಮೇಲೆ ತಂದು ಹೊರಗೆ ತಳ್ಳಿ.
3. ಕೊಳವೆಗೆ ಇನ್ಸುಲಿನ್ ಹರಿಸಿ ತುದಿಯಲ್ಲಿ ಹನಿ ಕಾಣುವವರೆಗೆ ಕಾಯಿರಿ. ಈ ಕೆಲಸ ನಡೆಯುವಾಗ ಕೊಳವೆ ಮೈಗೆ ಸಿಕ್ಕಿಸಿರಲೇಬಾರದು. ಸಿಕ್ಕಿಸಿಕೊಂಡೇ ಹರಿಸಿದರೆ ಕೊಳವೆ ತುಂಬುವ ಇನ್ಸುಲಿನ್ ಅಷ್ಟೂ ಒಳಗೆ ಹೋಗಿ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.
4. ಜಾಗ: ಹೊಕ್ಕುಳಿಂದ ಐದು ಸೆಂಟಿಮೀಟರ್ ಆಚೆ ಹೊಟ್ಟೆ, ಸೊಂಟದ ಹಿಂಭಾಗ, ತೊಡೆ. ಸೀರೆ, ಲಂಗದ ನಾಡಿ ಅಥವಾ ಉಡಿದಾರ ಉಜ್ಜುವ ಗೆರೆ ಬಿಡಿ.
5. ಹಿಂದಿನ ಸಲ ಹಾಕಿದ ಜಾಗದಲ್ಲೇ ಹಾಕಬೇಡಿ. ಒಂದೇ ಕಡೆ ಚುಚ್ಚುತ್ತಿದ್ದರೆ ಚರ್ಮದಡಿ ಕೊಬ್ಬಿನ ಗಂಟು ಕಟ್ಟುತ್ತದೆ, ಅಲ್ಲಿಂದ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ. ನೋವಾಗುವುದಿಲ್ಲ ಎಂದು ಮಕ್ಕಳು ಆ ಗಂಟಿನ ಜಾಗವನ್ನೇ ತೋರಿಸುತ್ತಾರೆ, ಹುಷಾರು.
6. ಎರಡು ಗಂಟೆ ಬಿಟ್ಟು ಶುಗರ್ ನೋಡಿ.

ಸೆಟ್ ಬದಲಿಸುವುದನ್ನು ಬೆಳಿಗ್ಗೆ ಇಟ್ಟುಕೊಳ್ಳಿ, ಮಲಗುವ ಹೊತ್ತಿಗೆ ಬೇಡ. ಕ್ಯಾನುಲಾ ಒಳಗೆ ಮಡಿಸಿಕೊಂಡಿದ್ದರೆ ಎಚ್ಚರವಿರುವಾಗಲೇ ಗೊತ್ತಾಗಲಿ. ಎಣ್ಣೆ ಸ್ನಾನದ ದಿನ ಸ್ನಾನ ಮುಗಿದು ಮೈಯ ಜಿಡ್ಡು ಹೋದ ಮೇಲೆ ಹೊಸ ಸೆಟ್ ಹಾಕಿ. ಕೊಬ್ಬರಿ ಎಣ್ಣೆಯ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ.

ಹಂತ 5: ಆಟೋ ಮೋಡಿಗೆ ಬಿಡುವುದು

780ಜಿ ಪಂಪ್ ಕನಿಷ್ಠ 48 ಗಂಟೆ ನಿಮ್ಮ ಇನ್ಸುಲಿನ್ ಬಳಕೆ ನೋಡಿದ ಮೇಲಷ್ಟೇ ಸ್ವಯಂಚಾಲಿತ ಸ್ಥಿತಿಗೆ ಹೋಗುತ್ತದೆ. ಅದರ ಹೆಸರು ಸ್ಮಾರ್ಟ್‌ಗಾರ್ಡ್. ಚಾಲೂ ಇದ್ದಾಗ ಪರದೆಯ ಮೇಲೆ ಗುರಾಣಿಯ ಗುರುತು ಇರುತ್ತದೆ. ಗುರಿಯ ಅಂಕಿಯನ್ನು 100, 110 ಅಥವಾ 120 ಎಂದು ಡಾಕ್ಟರು ಇಡುತ್ತಾರೆ. ಈ ಲೇಖನದ ಶುಗರ್ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ, ನಿಮ್ಮ ಗ್ಲುಕೋಮೀಟರ್ ತೋರಿಸುವುದೇ.

ಎಲ್ಲರೂ ಎಡವುವ ಕಡೆಗಳು:

ಊಟ ಆದ ಮೇಲೆ ಬೋಲಸ್ ಕೊಡುವುದು. ಇನ್ಸುಲಿನ್ ಕೆಲಸ ಶುರು ಮಾಡಲು ಹೊತ್ತು ಬೇಕು, 10–15 ನಿಮಿಷ ಮೊದಲೇ ಕೊಡಿ. ಮರೆತು ಒಂದು ಗಂಟೆ ದಾಟಿದ್ದರೆ ಪೂರ್ತಿ ಕಾರ್ಬ್ ತುಂಬಬೇಡಿ; ಅಷ್ಟರಲ್ಲಿ ಯಂತ್ರ ತಾನೇ ಹೆಚ್ಚುವರಿ ಇನ್ಸುಲಿನ್ ಕೊಡಲು ಶುರು ಮಾಡಿರುತ್ತದೆ, ಎರಡೂ ಸೇರಿ ಶುಗರ್ ಬಿದ್ದು ಲೋ ಆಗುತ್ತದೆ. ತಡವಾದಾಗ ಎಷ್ಟು ಕೊಡಬೇಕು ಎಂದು ಡಾಕ್ಟರಿಂದ ಮೊದಲೇ ಬರೆಸಿಕೊಳ್ಳಿ.

ಸುಳ್ಳು ಊಟ ತುಂಬುವುದು. ಶುಗರ್ 220 ಇದೆ, ಇಳಿಯಲಿ ಎಂದು ತಿನ್ನದ 30 ಗ್ರಾಂ ಕಾರ್ಬ್ ಹೊಡೆಯುವವರಿದ್ದಾರೆ. ಬೇಡ. ಯಂತ್ರ ಅದನ್ನು ನಿಜ ಎಂದೇ ನಂಬುತ್ತದೆ.

ಗುರಾಣಿ ಗುರುತು ಹೋಗಿರುವುದನ್ನು ಗಮನಿಸದಿರುವುದು. ಸೆನ್ಸರ್ ಸಂಪರ್ಕ ತಪ್ಪಿದರೆ ಪಂಪ್ ಸ್ವಲ್ಪ ಹೊತ್ತು ಸುರಕ್ಷಿತ ಪ್ರಮಾಣದಲ್ಲಿ ನಡೆಸಿ ಆಮೇಲೆ ಮ್ಯಾನುಯಲ್ ಸ್ಥಿತಿಗೆ ಬೀಳುತ್ತದೆ. ಎರಡು ದಿನ ಮ್ಯಾನುಯಲ್‌ನಲ್ಲಿ ಓಡಿಸಿ "ಮಷಿನ್ ಸರಿಯಿಲ್ಲ" ಎಂದು ಫೋನ್ ಮಾಡುವವರು ಕಡಿಮೆಯಿಲ್ಲ. ಮುಂಜಾನೆ ಎದ್ದ ಕೂಡಲೇ, ರಾತ್ರಿ ಮಲಗುವ ಮುಂಚೆ ಒಮ್ಮೆ ಪರದೆ ನೋಡಿ.

ಜ್ವರದ ಮಾತ್ರೆ. ಪ್ಯಾರಾಸಿಟಮಾಲ್, ಅಂದರೆ ನಾವು ಡೋಲೊ ಎಂದು ನುಂಗುವುದು, ಗಾರ್ಡಿಯನ್ ಸೆನ್ಸರಿನಲ್ಲಿ ಇಲ್ಲದ ಶುಗರನ್ನು ಇದೆ ಎಂದು ತೋರಿಸಬಲ್ಲದು. ಯಂತ್ರ ಅದನ್ನು ನಂಬಿ ಇನ್ಸುಲಿನ್ ಕೊಡುತ್ತಾ ಹೋಗುತ್ತದೆ. ಆ ಮಾತ್ರೆ ತೆಗೆದುಕೊಳ್ಳಲೇಬೇಕಾದರೆ ಆಟೋ ಮೋಡ್ ಎಷ್ಟು ಹೊತ್ತು ನಿಲ್ಲಿಸಬೇಕು ಎಂದು ಕೇಳಿ, ಬೆರಳು ಚುಚ್ಚಿ ನೋಡುತ್ತಿರಿ. ಪಂಪ್ ಕಂಪನಿಯ ಪುಸ್ತಕದಲ್ಲಿ ಈ ಎಚ್ಚರಿಕೆ ಇದೆ. ಓದುವವರು ಯಾರು?

ರಾತ್ರಿಯ ಅಲಾರಂ. ಬೇಸಿಗೆಯಲ್ಲಿ ಏರ್ ಕೂಲರ್ ಓಡುತ್ತಿರುವ ಕೋಣೆಯಲ್ಲಿ, ದುಪ್ಪಟಿಯೊಳಗಿನ ಪಂಪಿನ ಶಬ್ದ ಪಕ್ಕದವರಿಗೂ ಕೇಳಿಸದು. ಸದ್ದು ಪೂರ್ತಿ ಏರಿಸಿ, ಫೋನಿಗೂ ಅಲಾರಂ ಹೋಗುವಂತೆ ಜೋಡಿಸಿ, ಮಹಡಿಯ ಮೇಲೆ ಮಲಗುವ ಮಗುವಿನ ಪಕ್ಕ ದೊಡ್ಡವರೊಬ್ಬರು ಮಲಗಿ.

ಹಂತ 6: ಶುಗರ್ ಏರಿ ಇಳಿಯದಿದ್ದರೆ

ಪೆನ್ನಿನಲ್ಲಿ ಇದ್ದಾಗ ಮೈಯಲ್ಲಿ 24 ಗಂಟೆ ಕೆಲಸ ಮಾಡುವ ಉದ್ದದ ಇನ್ಸುಲಿನ್ ಒಂದು ಇರುತ್ತಿತ್ತು. ಪಂಪಿನಲ್ಲಿ ಅದಿಲ್ಲ. ಕ್ಯಾನುಲಾ ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ಮೈಯಲ್ಲಿ ಇನ್ಸುಲಿನ್ ಖಾಲಿ. ಆಗ ದೇಹ ಕೊಬ್ಬು ಕರಗಿಸಿ ಕೀಟೋನ್ ಎಂಬ ಆಮ್ಲ ಬಿಡುತ್ತದೆ. ಅದು ರಕ್ತದಲ್ಲಿ ಮಿತಿ ಮೀರಿದರೆ ಡಿಕೆಎ, ಜೀವಕ್ಕೆ ಕುತ್ತು. ಪಂಪಿನವರಿಗೆ ತಿಳಿದಿರಲೇಬೇಕಾದ ಒಂದೇ ಪಾಠ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಶುಗರ್ 250 ದಾಟಿ, ಪಂಪಿನಿಂದ ಕೊಟ್ಟ ಡೋಸಿಗೆ ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ:

1. ಕೈ ತೊಳೆದು ಬೆರಳು ಚುಚ್ಚಿ ನೋಡಿ. ಸೆನ್ಸರನ್ನೇ ನಂಬಬೇಡಿ, ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ.
2. ಕೀಟೋನ್ ನೋಡಿ. ಮೂತ್ರದ ಸ್ಟ್ರಿಪ್ ಅಗ್ಗ, ಒಂದು ಡಬ್ಬಿ ಮನೆಯಲ್ಲಿರಲಿ. ರಕ್ತದ ಕೀಟೋನ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು.
3. ಕೀಟೋನ್ ಇದ್ದರೆ ತಿದ್ದುವ ಡೋಸನ್ನು ಪಂಪಿನಿಂದಲ್ಲ, ಪೆನ್ ಅಥವಾ ಸಿರಿಂಜಿನಿಂದ ಕೊಡಿ. ಎಷ್ಟು ಎಂಬುದು ಡಾಕ್ಟರ ಚೀಟಿಯಲ್ಲಿ ಮೊದಲೇ ಇರಬೇಕು.
4. ಆಮೇಲೆ ಸೆಟ್ ಕಿತ್ತು ಹೊಸದು ಹಾಕಿ. ಕಿತ್ತ ಕ್ಯಾನುಲಾ ನೋಡಿ: ಮಡಿಚಿದೆಯೇ, ರಕ್ತ ಇದೆಯೇ? ಅಂಟುಪಟ್ಟಿ ಮೂಸಿ ನೋಡಿ. ಇನ್ಸುಲಿನ್‌ಗೆ ಡೆಟಾಲ್, ಬ್ಯಾಂಡೇಜಿನಂಥ ಒಂದು ವಾಸನೆ ಇದೆ. ಬಂದರೆ ಸೋರಿದೆ ಎಂದೇ ಅರ್ಥ.
5. ಪೆನ್ನಿನಿಂದ ಕೊಟ್ಟಿದ್ದು ಪಂಪಿಗೆ ಗೊತ್ತಿಲ್ಲ. ಅದು ತಾನೂ ಕೊಡಲು ಹೋಗಿ ಡೋಸ್ ಮೇಲೆ ಡೋಸ್ ಆಗಬಾರದು. ಆಟೋ ಮೋಡನ್ನು ಎಷ್ಟು ಗಂಟೆ ನಿಲ್ಲಿಸಬೇಕೆಂದು ಅದೇ ಚೀಟಿಯಲ್ಲಿ ಬರೆಸಿ.
6. ನೀರು ಕುಡಿಸುತ್ತಿರಿ. ಓಡಾಟ, ಆಟ ಬೇಡ.

ರಕ್ತದ ಕೀಟೋನ್ 1.5 ದಾಟಿದರೆ ಡಾಕ್ಟರಿಗೆ ಫೋನ್. 3 ದಾಟಿದರೆ, ಅಥವಾ ಮೀಟರ್ ಇಲ್ಲದಿದ್ದರೂ ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ, ಮಂಪರು ಇದ್ದರೆ ಸೀದಾ ಆಸ್ಪತ್ರೆಗೆ. ಬಳ್ಳಾರಿಯ ವಿಮ್ಸ್ (ಈಗಿನ ಹೆಸರು ಬಿಎಂಸಿಆರ್‌ಸಿ), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಅಥವಾ ಐಸಿಯು ಇರುವ ಹತ್ತಿರದ ಯಾವುದಾದರೂ ಆಸ್ಪತ್ರೆ. ಹಳ್ಳಿಯಲ್ಲಿ ವಾಂತಿ ಎಂದ ಕೂಡಲೇ ಗ್ಲುಕೋಸ್ ಬಾಟಲಿ ಏರಿಸುವ ರೂಢಿ ಇದೆ. ಬಾಗಿಲಲ್ಲೇ ಹೇಳಿ: "ಟೈಪ್ 1 ಇದೆ, ಪಂಪ್ ಇದೆ, ಕೀಟೋನ್ ಇದೆ." ಮೂರೂ ಹೇಳಿ. ಮೈ ಬಿಸಿಯಾಗಿ ವಾಂತಿ ಶುರುವಾದರೆ ಊಟ ಮಾಡಿಲ್ಲವೆಂದು ಪಂಪ್ ಬಿಚ್ಚಿಡುವುದು ಇನ್ನೊಂದು ದೊಡ್ಡ ತಪ್ಪು. ಊಟ ಇಲ್ಲದಿದ್ದರೂ ಬೇಸಲ್ ಬೇಕೇ ಬೇಕು.

ಹಂತ 7: ಶುಗರ್ ಬಿದ್ದರೆ

70ಕ್ಕಿಂತ ಕೆಳಗೆ ಲೋ. ಪೆನ್ನಿನ ಕಾಲದಲ್ಲಿ 15 ಗ್ರಾಂ ಗ್ಲುಕೋಸ್ ತಿನ್ನುತ್ತಿದ್ದೆವು. ಆಟೋ ಮೋಡಿನಲ್ಲಿ ಯಂತ್ರ ಮೊದಲೇ ಇನ್ಸುಲಿನ್ ತಡೆದಿರುವುದರಿಂದ ಸಾಮಾನ್ಯವಾಗಿ 5–10 ಗ್ರಾಂ ಸಾಕಾಗುತ್ತದೆ. ಗಾಬರಿಯಲ್ಲಿ ಪೇಡೆ, ಬಾಳೆಹಣ್ಣು, ಬಿಸ್ಕೀಟು ಎಲ್ಲ ತಿನ್ನಿಸಿದರೆ ಅರ್ಧ ಗಂಟೆಗೆ 250. ಗ್ಲುಕೋಸ್ ಪುಡಿ ಅಥವಾ ಸಕ್ಕರೆ ನೀರು ಕೊಟ್ಟು 15 ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಿ. ಇದಕ್ಕೆ ತಿಂದಿದ್ದನ್ನು ಪಂಪಿಗೆ ಊಟ ಎಂದು ತುಂಬಬೇಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು: ಪಕ್ಕಕ್ಕೆ ಹೊರಳಿಸಿ, ಪಂಪಿನ ಕೊಳವೆ ಬಿಡಿಸಿ, 108ಕ್ಕೆ ಕರೆ ಮಾಡಿ, ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಮನೆಯಲ್ಲಿದ್ದರೆ ಕೊಡಿ.

ಹತ್ತಿ ಬಿಡಿಸಲು, ಕಳೆ ತೆಗೆಯಲು ಹೊಲಕ್ಕೆ ಹೋಗುವ ದಿನ, ಅಂಜನಾದ್ರಿ ಬೆಟ್ಟ ಹತ್ತುವ ದಿನ ಒಂದೆರಡು ಗಂಟೆ ಮೊದಲೇ ತಾತ್ಕಾಲಿಕ ಗುರಿಯನ್ನು 150ಕ್ಕೆ ಏರಿಸುವ ಸೌಲಭ್ಯ ಪಂಪಿನಲ್ಲಿದೆ. ಕೆಲಸ ಶುರುವಾದ ಮೇಲೆ ಏರಿಸಿದರೆ ಆಗಲೇ ಮೈಯೊಳಗೆ ಹೋಗಿರುವ ಇನ್ಸುಲಿನ್ ವಾಪಸ್ ಬರುವುದಿಲ್ಲ.

ಹಂತ 8: ನಮ್ಮ ಬಿಸಿಲಿಗೆ ಇನ್ಸುಲಿನ್ ಉಳಿಸುವುದು

ಪಂಪಿನ ಮಾಹಿತಿ ಪುಸ್ತಕಗಳು ರಾಯಚೂರಿನ ಮೇ ತಿಂಗಳನ್ನು ನೆನೆದು ಬರೆದವಲ್ಲ. ತೆರೆದ ಇನ್ಸುಲಿನ್ ಬಾಟಲಿಯನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಟ್ಟರೆ 28 ದಿನ ಬಳಸಬಹುದು. ಪಂಪಿನೊಳಗಿನ ಆಸ್ಪಾರ್ಟ್ 37 ಡಿಗ್ರಿ ದಾಟಿದರೆ ಎಸೆಯಬೇಕು. ಇಲ್ಲಿ ಹೊರಗಿನ ಗಾಳಿಯೇ ಬೇಸಿಗೆಯಲ್ಲಿ 40 ದಾಟುತ್ತದೆ. ಕೆಟ್ಟ ಇನ್ಸುಲಿನ್ ನೋಡಲು ಒಳ್ಳೆಯದರಂತೆಯೇ ತಿಳಿಯಾಗಿ ಇರಬಹುದು. ಹೊಸ ಸೆಟ್ ಹಾಕಿದರೂ ಶುಗರ್ ಇಳಿಯಲಿಲ್ಲ ಅಂದರೆ ಬಾಟಲಿ ಬದಲಿಸಿ.

ಬೇಸಿಗೆಯಲ್ಲಿ ರಿಸರ್ವಾಯರನ್ನು ಪೂರ್ತಿ ತುಂಬಬೇಡಿ. ದಿನಕ್ಕೆ 40 ಯೂನಿಟ್ ಹೋಗುವವರು 300 ತುಂಬಿಕೊಂಡು ವಾರವಿಡೀ ತಿರುಗುವುದರಲ್ಲಿ ಅರ್ಥವಿಲ್ಲ. ಎರಡು ದಿನಕ್ಕಾಗುವಷ್ಟು, ಕೊಳವೆಗೆ ಸ್ವಲ್ಪ ಹೆಚ್ಚು. ಪಂಪ್, ಕೊಳವೆ ಎರಡೂ ಬಟ್ಟೆಯೊಳಗಿರಲಿ. ಬೆಲ್ಟಿನ ಮೇಲೆ ಬಿಸಿಲಿಗೆ ಕಾಣುವಂತೆ ಸಿಕ್ಕಿಸಿದರೆ ಪ್ಲಾಸ್ಟಿಕ್ಕು ಕಾದು ಹೋಗುತ್ತದೆ. ನಮ್ಮ ಹುಡುಗಿ ಬನಿಯನ್ನಿನ ಒಳಭಾಗಕ್ಕೆ ಹತ್ತಿಬಟ್ಟೆಯ ಜೇಬು ಹೊಲಿಸಿಕೊಂಡಿದ್ದಾಳೆ, ಟೇಲರಿಗೆ ಹತ್ತು ನಿಮಿಷದ ಕೆಲಸ. ಬೈಕಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್, ಟ್ರ್ಯಾಕ್ಟರ್ ಸೀಟಿನ ಕೆಳಗೆ ಇನ್ಸುಲಿನ್ ಇಡಲೇಬೇಡಿ.

ಕರೆಂಟ್ ಹೋಗುವ ಊರಿನಲ್ಲಿ ಫ್ರಿಜ್ ನಂಬುವಂತಿಲ್ಲ. ದೊಡ್ಡ ಮಡಿಕೆಯೊಳಗೆ ಚಿಕ್ಕ ಮಡಿಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ ಗಾಳಿ ಆಡುವ ಕಡೆ ಇಡಿ. ನೀರು ಆವಿಯಾಗುತ್ತಾ ಒಳಗೆ ತಂಪು ಮಾಡುತ್ತದೆ. ನಮ್ಮ ಬಿಸಿಲು ಒಣ ಬಿಸಿಲು, ಹಾಗಾಗಿ ಕರಾವಳಿಗಿಂತ ಇಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿಡಿ. ಫ್ರಿಜ್ ಇದ್ದವರು ಫ್ರೀಜರ್ ಪೆಟ್ಟಿಗೆಗೆ ತಾಗದಂತೆ ಇಡಿ, ಪ್ರಯಾಣದಲ್ಲಿ ಐಸ್ ಮೇಲೆ ನೇರ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಕೊರಿಯರ್ ಡಬ್ಬಿ ಬಿಸಿಲಲ್ಲಿ ಬಿದ್ದಿರುತ್ತದೆ, ಆದ್ದರಿಂದ ಏಪ್ರಿಲ್‌ಗೆ ಮುಂಚೆಯೇ ಸೆನ್ಸರ್, ಸೆಟ್ ಎರಡು ತಿಂಗಳಿನಷ್ಟು ತರಿಸಿಟ್ಟುಕೊಳ್ಳಿ.

ಬೆವರಿಗೆ ಅಂಟು ಬಿಡುತ್ತದೆ. ಹಾಕುವ ಮುಂಚೆ ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ, ಫ್ಯಾನಿನ ಕೆಳಗೆ ಕೂತು ಹಾಕಿ, ಮೇಲೊಂದು ಪಾರದರ್ಶಕ ಟೇಪ್ ಅಂಟಿಸಿ. ಬೆವರುಸಾಲೆ ಎದ್ದಿರುವ ಜಾಗ ಬಿಟ್ಟುಬಿಡಿ.

ಹಂತ 9: ಶಾಲೆ, ಬಸ್ಸು, ಸ್ಕ್ಯಾನಿಂಗ್

ಶಾಲೆಯ ಕ್ಲಾಸ್ ಟೀಚರಿಗೆ ಒಂದು ಪುಟದ ಕಾಗದ ಕನ್ನಡದಲ್ಲಿ ಕೊಡಿ: ಇದು ಫೋನ್ ಅಲ್ಲ, ಕಸಿದುಕೊಳ್ಳಬೇಡಿ, ಕೂಗಿದರೆ ಮಗುವಿಗೆ ನೋಡಲು ಬಿಡಿ, ಗ್ಲುಕೋಸ್ ಕ್ಲಾಸಿನಲ್ಲೇ ತಿನ್ನಲು ಬಿಡಿ, ಒಬ್ಬಳನ್ನೇ ಹೊರಗೆ ಕಳಿಸಬೇಡಿ. ಪರೀಕ್ಷೆ ಇದ್ದರೆ ಡಾಕ್ಟರ ಪತ್ರದ ಜೊತೆ ಕೇಂದ್ರದ ಮುಖ್ಯಸ್ಥರಿಗೆ ಮೊದಲೇ ಅರ್ಜಿ ಕೊಡಿ, ಬಾಗಿಲಲ್ಲಿ ವಾದ ಮಾಡುವ ಪಾಡು ಬೇಡ.

ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೂ, ಪಕ್ಕದ ಊರಿಗೆ ಬಸ್ಸಿನಲ್ಲಿ ಹೋದರೂ ಕೈಚೀಲದಲ್ಲಿ ಇರಬೇಕಾದ್ದು: ಎರಡು ಸೆಟ್, ಒಂದು ರಿಸರ್ವಾಯರ್, ಇನ್ಸುಲಿನ್ ಬಾಟಲಿ, ಉದ್ದದ ಇನ್ಸುಲಿನ್ ಪೆನ್, ಕಿತ್ತಳೆ ಸಿರಿಂಜು, ಗ್ಲುಕೋಮೀಟರ್, ಕೀಟೋನ್ ಸ್ಟ್ರಿಪ್, ಗ್ಲುಕೋಸ್, ಒಂದು ಎಎ ಸೆಲ್. 780ಜಿ ಓಡುವುದು ಗೋಡೆ ಗಡಿಯಾರಕ್ಕೆ ಹಾಕುವ ಅದೇ ಅಳತೆಯ ಸೆಲ್ಲಿನಿಂದ. ಅದೊಂದು ಒಳ್ಳೆಯ ಕೆಲಸ ಮಾಡಿದ್ದಾರೆ.

ಎಂಆರ್‌ಐ, ಸಿಟಿ ಸ್ಕ್ಯಾನ್, ಎಕ್ಸ್‌ರೇ ಕೋಣೆಗೆ ಹೋಗುವ ಮುಂಚೆ ಪಂಪ್, ಸೆನ್ಸರ್, ಸೆನ್ಸರಿನ ಅಂಕಿಯನ್ನು ಪಂಪಿಗೆ ಕಳಿಸುವ ಟ್ರಾನ್ಸ್‌ಮಿಟರ್ ಮೂರೂ ತೆಗೆದು ಹೊರಗೆ ಇಡಿ. ಪಂಪ್ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಚ್ಚಿಡಬೇಕಾದರೆ ನಡುವೆ ಇನ್ಸುಲಿನ್ ಹೇಗೆ ಎಂದು ಮೊದಲೇ ಕೇಳಿಕೊಂಡಿರಿ. ರಂಜಾನ್, ಶ್ರಾವಣ ಸೋಮವಾರದ ಉಪವಾಸ ಹಿಡಿಯುವವರೂ ಅಷ್ಟೇ, ಡಾಕ್ಟರನ್ನು ಕೇಳದೆ ಬೇಡ.

ಹಂತ 10: ಎರಡು ವಾರಕ್ಕೊಮ್ಮೆ ರಿಪೋರ್ಟ್ ಓದುವುದು

ಪಂಪಿನ ರಿಪೋರ್ಟನ್ನು ಆ್ಯಪಿನಿಂದ ಡಾಕ್ಟರಿಗೆ ಕಳಿಸಬಹುದು. ಎಲ್ಲದಕ್ಕೂ ರಾತ್ರಿ ರೈಲು ಹತ್ತಬೇಕಿಲ್ಲ. ಮೊದಲು ನೋಡಬೇಕಾದ ಅಂಕಿ ಟೈಮ್ ಇನ್ ರೇಂಜ್: ದಿನದಲ್ಲಿ ಎಷ್ಟು ಪಾಲು ಶುಗರ್ 70ರಿಂದ 180ರ ನಡುವೆ ಇತ್ತು ಎಂಬುದು. ಹೆಚ್ಚಿನವರಿಗೆ ಗುರಿ ಶೇ. 70ಕ್ಕಿಂತ ಮೇಲೆ, ಅಂದರೆ ದಿನಕ್ಕೆ ಸುಮಾರು 17 ಗಂಟೆ. 70ರ ಕೆಳಗೆ ಶೇ. 4ಕ್ಕಿಂತ ಕಡಿಮೆ, 54ರ ಕೆಳಗೆ ಶೇ. 1ಕ್ಕಿಂತ ಕಡಿಮೆ ಇರಬೇಕು. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆ, ಇದನ್ನು ತೋರಿಸುವುದಿಲ್ಲ. 40 ಮತ್ತು 300ರ ನಡುವೆ ಉಯ್ಯಾಲೆ ಆಡಿದರೂ ಸರಾಸರಿ ಚಂದ ಕಾಣಬಹುದು.

ಅಂಕಿ ಕೆಟ್ಟಿದ್ದರೆ ಮಗುವನ್ನು ಬೈಯುವ ಮುಂಚೆ ಅದೇ ರಿಪೋರ್ಟಿನಲ್ಲಿ ಇನ್ನೆರಡು ಅಂಕಿ ಹುಡುಕಿ: ಆಟೋ ಮೋಡ್ ಎಷ್ಟು ಶೇಕಡಾ ಹೊತ್ತು ಚಾಲೂ ಇತ್ತು, ಸೆಟ್ ಎಷ್ಟು ದಿನಕ್ಕೊಮ್ಮೆ ಬದಲಾಗಿದೆ. ಮೂರನೆಯ ದಿನ ದಾಟಿದ ಮೇಲೆ ಗೆರೆ ಮೇಲೇರಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ರೊಟ್ಟಿ ಊಟದ ಹಿಂದೆ ಮಾತ್ರ ಏರುತ್ತಿದ್ದರೆ ಕಾರ್ಬ್ ಅಂದಾಜು ಅಥವಾ ಕಾರ್ಬ್ ಅನುಪಾತ ತಪ್ಪಿದೆ. ಎಷ್ಟು ಗ್ರಾಂಗೆ ಒಂದು ಯೂನಿಟ್ ಎಂಬ ಆ ಅಂಕಿಯನ್ನು ಡಾಕ್ಟರು ಬದಲಿಸಲಿ.

ಮಕ್ಕಳು ಬೆಳೆಯುತ್ತಾರೆ, ಇನ್ಸುಲಿನ್ ಬೇಡಿಕೆಯೂ ಬೆಳೆಯುತ್ತದೆ. ಆಟೋ ಮೋಡ್ ಇದನ್ನು ತಾನೇ ಸರಿದೂಗಿಸಿಕೊಳ್ಳುವುದರಿಂದ, ಪಂಪಿನಲ್ಲಿ ವರ್ಷದ ಹಿಂದೆ ತುಂಬಿದ ಮ್ಯಾನುಯಲ್ ಬೇಸಲ್ ಅಂಕಿಗಳು ಹಾಗೇ ಹಳತಾಗಿ ಕೂತಿರುತ್ತವೆ. ಸೆನ್ಸರ್ ಕೈಕೊಟ್ಟ ರಾತ್ರಿ ಯಂತ್ರ ಅವನ್ನೇ ಬಳಸುತ್ತದೆ. ಪ್ರತಿ ಭೇಟಿಯಲ್ಲೂ ಮ್ಯಾನುಯಲ್ ಬೇಸಲ್, ಪಂಪ್ ಪೂರ್ತಿ ಕೆಟ್ಟರೆ ತೆಗೆದುಕೊಳ್ಳಬೇಕಾದ ಉದ್ದದ ಇನ್ಸುಲಿನ್ ಪ್ರಮಾಣ, ತಿದ್ದುವ ಡೋಸು ಈ ಮೂರನ್ನೂ ತಾರೀಖು ಹಾಕಿಸಿ ಹೊಸದಾಗಿ ಬರೆಸಿಕೊಳ್ಳಿ. ಹಳೆ ಚೀಟಿ ಹರಿದು ಹಾಕಿ. ಹೊಸದರ ಒಂದು ಪ್ರತಿ ಕೈಚೀಲದಲ್ಲಿ, ಒಂದು ಫ್ರಿಜ್ ಬಾಗಿಲಲ್ಲಿ ಕಾರ್ಬ್ ಪಟ್ಟಿಯ ಪಕ್ಕ, ಒಂದು ಫೋಟೋ ಮನೆಯ ಎಲ್ಲರ ಫೋನಿನಲ್ಲಿ.